ರಾಣಿಯನ್ನು ಹುಡುಕುವ ಪ್ರಾಸರ್
ಅಕ್ಟೋಬರ್ ಬಂತೆಂದರೆ ನಮ್ಮೂರ ಆಂಬ್ರೋಸ್ ಪ್ರಾಸರ್ ಕಾಡಿನ ಓಕ್ ಮರಗಳಿಗೆಲ್ಲ ಟೋಪಿ ಎತ್ತಿ ವಂದಿಸುತ್ತಾರೆ. ಎಲೆ ಉದುರುವ ಕಾಲದಲ್ಲಿ ಮಾತ್ರ ಹಾರುವ, ಹಸಿರು ರೆಕ್ಕೆಗೆ ಕಪ್ಪು ಗೀರುಗಳಿರುವ ಪತಂಗವೊಂದು ಅವರ ಪಾಲಿಗೆ ರಾಣಿ. ಹಗಲೆಲ್ಲ ಅದು ಕಾಂಡಕ್ಕೆ ಪಾಚಿಯಂತೆ ಅಂಟಿದ ಹಸಿರು ಕಲ್ಲುಹೂವಿನ ಮೇಲೆ ತಾನೂ ಕಲ್ಲುಹೂವಿನಂತೆಯೇ ಮಲಗಿರುತ್ತದೆ. ಮೆಲ್ಲನೆ ಊದಿದಾಗ ನಡುಗಿದರೆ ಪತಂಗ, ನಡುಗದಿದ್ದರೆ ಕಲ್ಲುಹೂ ಎನ್ನುವುದು ಅವರ ಪರೀಕ್ಷೆ. ಊದಿ ಊದಿ ಮಧ್ಯಾಹ್ನದ ಹೊತ್ತಿಗೆ ಅವರ ಮುಖ ಕೆಂಪು ಸೇಬಾಗಿರುತ್ತದೆ. "ಏನ್ರೀ ಪ್ರಾಸರ್, ಮರಕ್ಕೆ ಚಹಾ ಆರಿಸಿ ಕೊಡ್ತಿದೀರಾ?" ಎಂದು ಅಂಚೆ ಹಂಚುವ ಡಿಲಿಸ್ ಛೇಡಿಸಿದರೆ, "ಶ್! ರಾಣಿಯವರು ಮಲಗಿದಾರೆ" ಎನ್ನುತ್ತಾರೆ. ಸಂಜೆ ಬಿಯರಿನಲ್ಲಿ ಕಾಕಂಬಿ ಕಲಸಿ ರಾಣಿಗೆಂದು ಕಾಂಡಕ್ಕೆ ಬಳಿಯುತ್ತಾರೆ. ಉಳಿದ ಬಿಯರು ತಮಗೆ. ಇಂಥ ಮೃದು ಮನುಷ್ಯ ಸಿಡುಕುವುದು ಚರ್ಚಿನ ಅಂಗಳ ಶುಚಿಮಾಡುವ ಶನಿವಾರ ಮಾತ್ರ. ನಾವು ಹೆಂಗಸರು ಕತ್ತರಿ ಹಿಡಿದು ಸಮಾಧಿಗಳ ಮೇಲಿನ ಐವಿ ಬಳ್ಳಿಯನ್ನು ಸವರುತ್ತ ಬಂದರೆ, ಅವರು ತೀರಿಹೋದ ಹೆಂಡತಿ ನೆಸ್ಟಾಳ ಕಲ್ಲಿಗೆ ಅಡ್ಡ ನಿಲ್ಲುತ್ತಾರೆ. ಬಳ್ಳಿ ಹಬ್ಬಿ ಅವಳ ಹೆಸರೇ ಮುಚ್ಚಿಹೋಗಿದೆ. "ಹೆಂಡ್ತಿ ಹೆಸರು ನಾಲ್ಕು ಜನಕ್ಕೆ ಕಾಣೋದು ಬೇಡ್ವೇನ್ರೀ?" ಎಂದು ಈ ಸಲ ನಾನೇ ಕೇಳಿದೆ. "ಬಳ್ಳಿ ಈಗ ಹೂ ಬಿಟ್ಟಿದೆ ಕಣಮ್ಮ. ಈ ಚಳೀಲಿ ರಾಣಿಗೆ ಬೇರೆಲ್ಲಿ ಊಟ ಸಿಗತ್ತೆ? ಬಾಗಿಲಿಗೆ ಬಂದೋರನ್ನ ನನ್ನ ನೆಸ್ಟಾ ಯಾವತ್ತಾದ್ರೂ ಹಸಿದ ಹೊಟ್ಟೇಲಿ ಕಳ್ಸಿದ್ಳಾ?" ನೆಸ್ಟಾ ಬೇಡಬೇಡವೆಂದರೂ ನನ್ನ ತಟ್ಟೆಗೆ ಹಾಕುತ್ತಿದ್ದ ಸೇಬಿನ ಕೇಕು ನೆನಪಾಯಿತು. ಕತ್ತರಿಯನ್ನು ಚೀಲಕ್ಕೆ ಹಾಕಿ, ಕಲ್ಲಿನ ಮೂಲೆಯಲ್ಲಿದ್ದ ಹಸಿರು ಮಚ್ಚೆಯೊಂದಕ್ಕೆ ಬಾಗಿ ಮೆಲ್ಲನೆ ಊದಿದೆ. ದೇವರ ದಯೆ, ಅದು ನಡುಗಿತು.