ಅವ್ವ ಕರೆಯದ ಹೆಸರು

ಕೂಡ್ಲಿಗಿಯ ಪಾತ್ರೆ ಅಂಗಡಿಯಲ್ಲಿ ಖಾಜಾಸಾಬರು ಹೆಸರು ಕೊರೆಯುವ ಮಷೀನು ಚಾಲೂ ಮಾಡಿದರೆ ಅದರ ಗುಂಯ್ ಸದ್ದು ನನ್ನ ಹಲ್ಲಿನ ಬೇರಿಗೇ ಹೋಗಿ ಮುಟ್ಟುತ್ತದೆ. ಹೋದ ತಿಂಗಳು ಮೊಮ್ಮಗನಿಗೆಂದು ಒಂದು ಪುಟ್ಟ ಸ್ಟೀಲ್ ಲೋಟ ಆರಿಸಿ ಅವರ ಮುಂದಿಟ್ಟೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಕೂಸಿನ ಹೆಸರೇನ್ರಿ ಮಾಸ್ತರ?"

"ಕೊಟ್ರೇಶ," ಎಂದೆ. ಮನೆಯಲ್ಲಿ ಇನ್ನೂ ಯಾರೂ ಒಪ್ಪಿರಲಿಲ್ಲ. ಒಮ್ಮೆ ಲೋಟದ ಮೇಲೆ ಕೊರೆಸಿಬಿಟ್ಟರೆ ಆಮೇಲೆ ಅಳಿಸುವವರು ಯಾರು ಎಂಬ ಮೇಷ್ಟ್ರ ಬುದ್ಧಿ ನನ್ನದು.

ಖಾಜಾಸಾಬರು ನಕ್ಕುಬಿಟ್ಟರು. "ಅದು ನಿಮ್ಮ ಹೆಸರಲ್ಲೇನ್ರಿ? ಕೊಟ್ರೇಶ ಅಂತ ಕೊರದು ಭಾಳ ವರ್ಷ ಆತು. ಮೊದಲೆಲ್ಲಾ ಕಣ್ಣು ಮುಚ್ಚಿ ಕೊರೀತಿದ್ದೆ. ಈಗ ಎಲ್ಲಾರೂ ಚೀಟಿ ಬರಕೊಂಡು ಬರ್ತಾರ, ಚೀಟಿ ನೋಡಿದ್ರೂ ನನಗ ಓದಾಕ ಬರವಲ್ದು. ಮನ್ಯಾಗ ಒಮ್ಮಿ ಕೇಳಿಕೊಂಡು ಬರ್ರಿ, ಲೋಟ ಎಲ್ಲಿ ಓಡಿ ಹೋಗತೈತಿ?"

ಲೋಟ ಬರಿಯ ಮೈಯಲ್ಲೇ ನನ್ನ ಕೈಚೀಲ ಸೇರಿತು.

ಈ ಹೆಸರಿನ ಏಳುಬೀಳು ನನಗೆ ಗೊತ್ತಿಲ್ಲದ್ದೇನಲ್ಲ. ಮೂವತ್ತು ವರ್ಷಕ್ಕೂ ಮೇಲೆ ಹಾಜರಿ ಕರೆದವನು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಗರಿಬೊಮ್ಮನಹಳ್ಳಿಯ ಒಂದೇ ತರಗತಿಯಲ್ಲಿ ಐದು ಜನ ಕೊಟ್ರೇಶರಿದ್ದರು. ಹೆಸರು ಕರೆದರೆ ಐದೂ ಬೆಂಚಿನಿಂದ "ಹಾಜರ್ ಸಾರ್" ಎಂದು ಕೂಗು ಬರುತ್ತಿತ್ತು. ಇನಿಶಿಯಲ್ಲು ಸೇರಿಸಿದರೂ ಪ್ರಯೋಜನವಾಗಲಿಲ್ಲ, ಇಬ್ಬರದು ಅದೂ ಒಂದೇ. ಕೊನೆಗೆ ಹುಡುಗರೇ ಉದ್ದ ಕೊಟ್ರ, ಗಿಡ್ಡ ಕೊಟ್ರ, ಸಂತಿ ಕೊಟ್ರ ಎಂದು ವಿಂಗಡಿಸಿ ನನ್ನನ್ನು ಪಾರು ಮಾಡಿದರು. ಹುಡುಗರು ಹಿಂದಿನಿಂದ ನನ್ನನ್ನು ಬೆತ್ತದ ಕೊಟ್ರ ಅನ್ನುತ್ತಿದ್ದರೆಂದು ಬಹಳ ತಡವಾಗಿ ತಿಳಿಯಿತು. ನಾನು ನಿವೃತ್ತನಾದ ವರ್ಷ ಹಾಜರಿ ಪುಸ್ತಕದಲ್ಲಿ ಉಳಿದಿದ್ದವನು ಒಬ್ಬನೇ ಕೊಟ್ರೇಶ. ಅವನೂ ಎದ್ದು ನಿಂತು, "ಮನ್ಯಾಗ ನನಗ ಚಿಂಟು ಅಂತಾರ್ರಿ ಸಾರ್," ಎಂದ.

ಹೆಸರಿನ ಹುಟ್ಟು ನಮ್ಮ ಕೊಟ್ಟೂರಿನದು. ಊರಿನ ಗುರುವಿಗೆ ಹರಕೆ ಹೊತ್ತು ಹುಟ್ಟಿದ ಗಂಡು ಕೂಸುಗಳೆಲ್ಲ ಕೊಟ್ರಪ್ಪ, ಕೊಟ್ರೇಶ, ಕೊಟ್ರಬಸಪ್ಪ. ಅರ್ಥ ಕೇಳಿದರೆ ನನ್ನ ಅಜ್ಜ ಒಂದು ಕಥೆ ಹೇಳುತ್ತಿದ್ದ: ಮೊದಲಿದ್ದ ದೇವರು ಆಮೇಲೆ ಬಂದ ಗುರುವಿಗೆ ತನ್ನ ಜಾಗ ಬಿಟ್ಟುಕೊಟ್ಟನಂತೆ, ಹಾಗೆ ಕೊಟ್ಟ ಊರೇ ಕೊಟ್ಟೂರಂತೆ. ಖರೆಯೋ ಸುಳ್ಳೋ ನಾನು ಹೇಳಲಾರೆ. ಆದರೆ ದೇವರಾದವನೂ ಜಾಗ ಬಿಟ್ಟುಕೊಡುತ್ತಾನೆ ಎಂಬುದು ಚಿಕ್ಕವನಿದ್ದಾಗ ನನಗೆ ಸರಿ ಕಂಡಿರಲಿಲ್ಲ.

ಆ ಅಜ್ಜನ ಹೆಸರೂ ಕೊಟ್ರೇಶಪ್ಪನೇ. ಮೊದಲ ಮೊಮ್ಮಗನಾದ ನನಗೆ ಅವನ ಹೆಸರಿಟ್ಟರು. ತಾಪತ್ರಯ ಶುರುವಾದದ್ದು ಅಲ್ಲಿಂದ. ನಮ್ಮ ಕಡೆ ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಹೀಗಾಗಿ ಅವ್ವ ಹೆತ್ತ ಮಗನ ಹೆಸರನ್ನೇ ಬಾಯಿಂದ ಕಳೆದುಕೊಂಡಳು. ನನ್ನನ್ನು ಕರೆಯುವುದು "ಯಜಮಾನ" ಎಂದು. ಚಡ್ಡಿ ಹರಿದುಕೊಂಡು ಬಂದವನಿಗೂ ಯಜಮಾನ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನಿಗೂ ಯಜಮಾನ. ಕೊಟ್ಟೂರು ಅಂದರೂ ಆ ಹೆಸರು ಸೋಕುತ್ತದೆಂದು ತಾನು ಬಾಳುವೆ ಮಾಡಿದ ಊರನ್ನೂ "ಗುರುಗಳ ಊರು" ಅನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ಹೇಳಿ ಹೇಳಿ ನಕ್ಕ ಕಥೆಯೊಂದಿದೆ. ನನಗೆ ಐದು ವರ್ಷವಿದ್ದಾಗ ಅವ್ವನ ತವರು ಮಾಗಳದಲ್ಲಿ, ಹೊಳೆಯ ದಂಡೆಯಲ್ಲಿ ತಪ್ಪಿಸಿಕೊಂಡೆ. ಅವ್ವ ಅಳುತ್ತ ಓಡಾಡಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಹುಡುಗನ ಹೆಸರೇನವ್ವಾ, ನಾವೂ ಕೂಗ್ತೀವಿ" ಎಂದರೆ, "ನಮ್ಮ ಮಾವನೋರ ಹೆಸರು" ಎಂದಳು. "ನಿಮ್ಮ ಮಾವನೋರ ಹೆಸರೇನು?" ಎಂದರೆ ಸೆರಗು ಬಾಯಿಗೆ ಹಿಡಿದು ನಿಂತಳು. ಕಡೆಗೊಬ್ಬಳು ಮನೆಗೆ ಓಡಿ ಹೋಗಿ ನನ್ನ ಸೋದರಮಾವನ ಬಾಯಿಂದ ಹೆಸರು ಕೇಳಿಕೊಂಡು ಬಂದಳು. ಇಡೀ ದಂಡೆ "ಕೊಟ್ರಾ" ಎಂದು ಕೂಗಿತು. ಮೂರು ಜನ ಕೊಟ್ರರು ಓಡಿ ಬಂದರು, ನಾಲ್ಕನೆಯವನಾಗಿ ನಾನು, ಬಾಯಿ ತುಂಬ ಹುಣಸೆಹಣ್ಣು ಇಟ್ಟುಕೊಂಡು.

ಇಂಥ ಹೆಸರು ನನ್ನೊಂದಿಗೇ ಮುಗಿಯಬಾರದು ಎಂಬ ಹಟ ನನಗೆ. ಸೊಸೆ ಶಿಲ್ಪಾ ಹರಪನಹಳ್ಳಿಯವಳು. ಲೋಟ ತಂದ ಸಂಜೆ ಮಾತು ತೆಗೆದರೆ, ಅವಳ ಫೋನಿನಲ್ಲಿ ಹೆಸರುಗಳ ಪಟ್ಟಿಯೇ ಇತ್ತು. "ಮಾವ, ವಿಹಾನ್ ಅಂತ ಅನ್ಕೊಂಡಿದೀವಿ. ವಿಹಾನ್ ಅಂದ್ರೆ ಬೆಳಗಿನ ಜಾವ ಅಂತೆ," ಎಂದಳು. "ಬೆಳಗಿನ ಜಾವ ದಿನಾ ಬರತೈತೆವ್ವಾ, ಹೆಸರಿಡಬೇಕೇನು? ಕೊಟ್ರೇಶ ಅಂತಿಡ್ರಿ, ಮುಗೀತು," ಎಂದೆ. ಅವಳು ಮುಖ ಸಣ್ಣದು ಮಾಡಿ, "ಆಯ್ತು ಮಾವ," ಎಂದು ಒಳಗೆ ಹೋದಳು. ಗೆದ್ದೆ ಅಂದುಕೊಂಡೆ.

ಜೋಳ ಹಸನು ಮಾಡುತ್ತ ಕೂತಿದ್ದ ಅವ್ವ ಮೊರ ಕೆಳಗಿಟ್ಟಳು. ಅವಳಿಗೀಗ ಎಂಬತ್ತು ದಾಟಿದೆ.

"ಆ ಹುಡುಗಿ ಬಾಯಿ ಕಟ್ಟಬ್ಯಾಡ ಯಜಮಾನ."

"ಈಗ ಯಾರು ಬಾಯಿ ಕಟ್ಟತಾರವ್ವಾ? ಕರೀತಾಳ ಬಿಡು."

"ನೀ ಎದುರಿಗೆ ಕುಂತಾಗ, ಕೂಸು ಮಾತು ಕೇಳದಿದ್ರ, ನಿನ್ನ ಹೆಸರು ಹಿಡಿದು ಬೈತಾಳೇನು? ಮೆತ್ತಗ ನುಂಗತಾಳ. ನುಂಗಿದಾಕಿ ನಾನು, ನನಗ ಗೊತ್ತು. ಮಾಗಳದ ಕಥಿ ಹೇಳಿ ನೀವೆಲ್ಲಾ ನಗತೀರಿ. ಅವತ್ತು ಹೊಳಿ ತುಂಬಿತ್ತಪಾ. ಮಗ ಹೋದ ಅಂತ ಜೀವ ಹಾರಿ ಹೋದ್ರೂ ಹೆಸರು ಬಾಯಾಗ ಬರಲಿಲ್ಲ ನನಗ. ನೀ ಸಿಗದಿದ್ರ, ಒಮ್ಮಿನೂ ಕರೀಲಾರದ ಕಳಕೊಂಡಿರ್ತಿದ್ದೆ."

ಅರವತ್ತು ವರ್ಷ ನಕ್ಕ ಕಥೆಯಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು ಎಂಬುದನ್ನು ಯಾರೂ ನನಗೆ ಹೇಳಿರಲಿಲ್ಲ. ನಾನಾದರೂ ಎಲ್ಲಿ ಕೇಳಿದ್ದೆ? ನಾಚಿಕೆಯಾಯಿತು.

ಮೊರದೊಳಗಿನ ಒಂದು ಹರಳು ಆರಿಸಿ ಎಸೆದು, "ಆತು, ಅಕಿ ಇಷ್ಟದ ಹೆಸರೇ ಇಡಲಿ. ಆದ್ರ ನೀ ಒಮ್ಮಿ ನನ್ನ ಹೆಸರು ಹೇಳಬೇಕು ನೋಡು," ಎಂದೆ. "ಅಜ್ಜ ಸತ್ತು ಐವತ್ತು ವರ್ಷ ಆತು."

"ಥೂ, ಹೋಗೋ! ಸತ್ತೋರ ಮುಂದ ಮರ್ಯಾದಿ ಇರಬಾರದೇನು?" ಎಂದು ಮತ್ತೆ ಮೊರ ಎತ್ತಿಕೊಂಡಳು. ಅಲ್ಲಿಗೆ ಆ ಆಸೆ ಬಿಟ್ಟೆ.

ಮರುದಿನ ಚೀಟಿ ಬರೆದುಕೊಂಡು ಖಾಜಾಸಾಬರ ಅಂಗಡಿಗೆ ಹೋದೆ. ಅವರು ಒಂದೊಂದೇ ಅಕ್ಷರ ಓದಿ, ನನ್ನ ಮುಖ ನೋಡಿ ಕೊರೆದುಕೊಟ್ಟರು. ಹೊಳೆಯುವ ಅಕ್ಷರದಲ್ಲಿ ವಿಹಾನ್ ಚೆನ್ನಾಗಿಯೇ ಕಂಡ, ಸುಳ್ಳೇಕೆ ಹೇಳಲಿ.

ಹೆಸರಿಡುವ ದಿನ ಮನೆ ತುಂಬ ಜನ. ನನ್ನ ಮಗಳು ಸೋದರತ್ತೆಯಾಗಿ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಶಿಲ್ಪಾ ಮಗನನ್ನು ಎತ್ತಿಕೊಂಡು "ವಿಹಾನ್, ವಿಹಾನ್" ಎಂದು ಬಾಯ್ತುಂಬ ಕರೆದಳು. ಅವ್ವ ಅವಳನ್ನೇ ನೋಡುತ್ತ ಕೂತಿದ್ದಳು.

ಊಟದ ಹೊತ್ತು. ನಾನು ಅಂಗಳದಲ್ಲಿ ಬಂದವರನ್ನು ವಿಚಾರಿಸುತ್ತಿದ್ದೆ. ಅವ್ವ ಕೋಲೂರಿಕೊಂಡು ಹೊಸ್ತಿಲಿಗೆ ಬಂದಳು. ಮಾವ ಎದುರಿಗೆ ಬಂದರೆ ಮಾಡುತ್ತಿದ್ದಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎರಡು ಸಲ ಕೆಮ್ಮಿದಳು.

"ಕೊಟ್ರೇಶಾ... ಲೇ ಕೊಟ್ರಾ, ಹೋಳಿಗಿ ಆರತಾವು, ಉಣ್ಣಾಕ ಬಾರಲೇ!"

ಪಂಕ್ತಿಯಲ್ಲಿ ಕೂತಿದ್ದ ಇಬ್ಬರು ಮುದುಕರು ತಲೆ ಎತ್ತಿ ನೋಡಿದರು, ಅವರೂ ಕೊಟ್ರೇಶರೇ. ಈ ಸಲ ಅವರಿಗಿಂತ ಮೊದಲು ನಾನೇ ಓಡಿದೆ.

"ಹಾಜರ್, ಅವ್ವಾ," ಎಂದೆ.