ಅಪ್ಪ ಕೆರೆದು ತೆಗೆದ ಸಹಿ

ಕಳೆದ ತಿಂಗಳು ಕೊಚ್ಚಿಯ ವೈಟ್ಟಿಲದ ಒಂದು ಪಾರ್ಲರಿನಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಕೂತಿದ್ದೆ. ಹುಡುಗಿ ಬಟ್ಟಲಿನಲ್ಲಿ ಬಣ್ಣ ಕಲಸುತ್ತಿದ್ದಂತೆ ಮೂಗು ಚುಚ್ಚುವ ವಾಸನೆಯೊಂದು ಎದ್ದಿತು. ನನ್ನ ಕಣ್ಣಲ್ಲಿ ನೀರು ಕಂಡು, ಉರೀತಿದೆಯಾ ಚೇಚಿ ಎಂದು ಅವಳು ಮಲಯಾಳದಲ್ಲಿ ಕೇಳಿದಳು. ಇಲ್ಲ ಎಂದೆ. ಅದು ಅಮೋನಿಯ. ನಲವತ್ತು ವರ್ಷಗಳ ಹಿಂದೆ ತಿರುವನಂತಪುರದ ನಮ್ಮ ಕ್ವಾರ್ಟರ್ಸಿಗೆ ಸಂಜೆ ಐದೂಮುಕ್ಕಾಲಿಗೆ, ಅಪ್ಪನಿಗಿಂತ ಒಂದು ಹೆಜ್ಜೆ ಮುಂಚೆ ಒಳಗೆ ಬರುತ್ತಿದ್ದ ವಾಸನೆ. ಅಪ್ಪ ರಾಕೆಟ್ ಕೆಲಸದ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ನಕ್ಷೆಗಳ ಪ್ರತಿ ತೆಗೆಯುವ ಯಂತ್ರದ ಅಮೋನಿಯ ಅವನ ಅಂಗಿಯ ತೋಳಿನಲ್ಲೇ ಮನೆ ಮಾಡಿತ್ತು. ಅಮ್ಮ ಆ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದಳು. ನಾನು ಅವುಗಳಲ್ಲಿ ಮುಖ ಹುದುಗಿಸಿ ಸೀನುತ್ತಿದ್ದೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ. ಅದು ತಲೆಬಣ್ಣದ ಬಟ್ಟಲಿನಲ್ಲಿ ಸಿಗದಿರಲಿ ಎಂದು ಹಾರೈಸುತ್ತೇನೆ.

ಅಪ್ಪನ ಕಚೇರಿಯ ಪ್ರತಿ ನಕ್ಷೆಯ ಬಲಗಡೆಯ ಕೆಳಮೂಲೆಯಲ್ಲಿ ಎರಡು ಚೌಕಗಳಿರುತ್ತಿದ್ದವು. ಒಂದು ಬರೆದವರ ಸಹಿಗೆ, ಇನ್ನೊಂದು ಅದನ್ನು ಪರಿಶೀಲಿಸಿದವರ ಸಹಿಗೆ. ಬರೆದವನಿಗಿಂತ ಹೆಚ್ಚು ತಿಳಿದವನೇ ಎರಡನೆಯದಕ್ಕೆ ಸಹಿ ಹಾಕಬೇಕು ಎಂಬುದು ಅಪ್ಪನ ಪಾಲಿಗೆ ಧರ್ಮ. ನಾನು ಮಗುವಾಗಿದ್ದಾಗ ಬರೆದ ಬಸ್ಸು, ಬೆಕ್ಕು, ಬಾಳೆಗೊನೆಗಳ ಕೆಳಗೂ ಸ್ಕೇಲಿಟ್ಟು ಆ ಎರಡು ಚೌಕ ಹಾಕಿಕೊಡುತ್ತಿದ್ದ. “ಪುಟ್ಟಿ, ನಿನ್ನ ಬಸ್ಸು ಎಡಕ್ಕೆ ವಾಲ್ತಿದೆ, ಅದನ್ನ ನಾನಂತೂ ಹತ್ತಲ್ಲ” ಅನ್ನುವನು. ನಾನು ಮಲಯಾಳದಲ್ಲಿ ವಾದಿಸಿ, ಸೋತು, ಚಕ್ರ ತಿದ್ದಿ ತಂದರೆ, ಕೊಕ್ಕೆಯಂಥ ಗೆರೆ ಎಳೆದು ಅದರಡಿ ಒಂದು ಚುಕ್ಕೆ ಇಡುತ್ತಿದ್ದ. ಅದೇ ಅವನ ಸಹಿ. ಪರೀಕ್ಷೆಯಲ್ಲಿ ಬಂದ ಯಾವ ಅಂಕವೂ ನನಗೆ ಆ ಕೊಕ್ಕೆಯಷ್ಟು ರುಚಿಸಿದ್ದಿಲ್ಲ.

ಆದರೆ ನಮ್ಮ ಮನೆಯ ಮೊದಲ ಡಿಸೈನರ್ ಅಮ್ಮ. ಮೈಸೂರಿನಿಂದ ಬಂದ ಅವಳಿಗೆ ಮಲಯಾಳ ಬರೆಯಲು ಬಾರದು. ಅಡುಗೆಗೆ ನೆರವಾಗುತ್ತಿದ್ದ ಶಾಂತಚೇಚಿಗೆ ಕನ್ನಡ ಓದಲು ಬಾರದು. ಅದಕ್ಕೆ ಅಮ್ಮ ಡಬ್ಬಿಗಳ ಮೇಲೆಲ್ಲ ಚಿತ್ರ ಅಂಟಿಸಿದ್ದಳು. ಸಾಸಿವೆಗೆ ಚುಕ್ಕೆಗಳ ಗುಂಪು, ಕಡಲೆಬೇಳೆಗೆ ಅರ್ಧಚಂದ್ರ, ಹುಣಿಸೆಹಣ್ಣಿಗೆ ಒಂದು ಕಣ್ಣು ಮುಚ್ಚಿದ ಮುಖ. ಶಾಂತಚೇಚಿ ಆ ಮುಖ ನೋಡಿದಾಗಲೆಲ್ಲ ನಗುತ್ತಿದ್ದಳು. ಒಗ್ಗರಣೆಯ ಎಣ್ಣೆ ಕುಡಿದು ಹಳದಿಯಾದ ಆ ಚೀಟಿಗಳ ಶೆಲ್ಫಿನ ಕೆಳಗೆ ಕೂತು ನಾನು ಓದು ಕಲಿತೆ.

ಅಪ್ಪನ ಮಾತಿಗೆ ಕಟ್ಟುಬಿದ್ದು ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಮೇಲೆ, ಡಿಸೈನ್‌ನಲ್ಲಿ ಸ್ನಾತಕೋತ್ತರ ಓದುತ್ತೇನೆ ಎಂದೆ. ಅಷ್ಟರಲ್ಲಿ ಅಪ್ಪನ ವಿಭಾಗಕ್ಕೆ ಕಂಪ್ಯೂಟರು ಬಂದು, ಡ್ರಾಯಿಂಗ್ ಬೋರ್ಡುಗಳನ್ನು ಒಂದೊಂದಾಗಿ ಹೊರಗೆ ಸಾಗಿಸುತ್ತಿದ್ದರು. “ಕೈಯಲ್ಲಿ ಬರೆಯೋ ಕೆಲಸ ನನ್ನ ರಿಟೈರ್‌ಮೆಂಟಿನ ತನಕವೇ ಉಳಿಯೋ ಹಾಗಿಲ್ಲ. ನೀನು ಅದನ್ನೇ ಓದ್ತೀನಿ ಅಂತೀಯಲ್ಲೇ” ಎಂದ. ಬೈಗುಳ ಅದಲ್ಲ, ಅಂಜಿಕೆ. ಚಿಂತೆ ಮಾಡುವ ಗುಣ ನನಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಅರ್ಜಿಯ ಜೊತೆ ಹನ್ನೆರಡು ಚಿತ್ರ ಕಳಿಸಬೇಕಿತ್ತು. ಹನ್ನೆರಡನೆಯದು, ಟ್ರೇಸಿಂಗ್ ಕಾಗದದ ಮೇಲೆ ಶಾಯಿಯಲ್ಲಿ ಬರೆದದ್ದು, ಅಮ್ಮನ ಡಬ್ಬಿಗಳ ಶೆಲ್ಫು. ರೂಢಿಬಲದಿಂದ ಮೂಲೆಯಲ್ಲಿ ಎರಡು ಚೌಕ ಹಾಕಿ, ಅಪ್ಪನ ಮುಂದಿಟ್ಟೆ. ಬಹಳ ಹೊತ್ತು ನೋಡಿದ, ಕನ್ನಡಕ ಒರೆಸಿದ, ಸಹಿ ಹಾಕದೆ ವಾಪಸು ಕೊಟ್ಟ. ಭಾನುವಾರ ಮಧ್ಯಾಹ್ನ ಅವನು ಮಲಗಿದ್ದಾಗ, ಖಾಲಿ ಚೌಕವನ್ನು ನೋಡಲಾರದೆ, ಆ ಕೊಕ್ಕೆಯನ್ನೂ ಚುಕ್ಕೆಯನ್ನೂ ನಾನೇ ಹಾಕಿಬಿಟ್ಟೆ. ಡ್ರಾಫ್ಟ್ಸ್‌ಮನ್ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಳವಿಲ್ಲ. ಸೋಮವಾರ ಅಂಚೆಗೆ ಹಾಕಲು ತೆಗೆದರೆ ಚೌಕ ಖಾಲಿ. ಬೆಳಗ್ಗೆಯೇ ಎದ್ದು ಬ್ಲೇಡ್ ಹಿಡ್ಕೊಂಡು ಕೂತಿದ್ರು ಕಣೇ ಎಂದಳು ಅಮ್ಮ. ಶಾಯಿಯನ್ನು ಕೂದಲೆಳೆಯಷ್ಟೂ ಬಿಡದೆ ಕೆರೆದು, ಉಗುರಿನಿಂದ ಉಜ್ಜಿ ನಯ ಮಾಡಿ, ಕಚೇರಿ ಬಸ್ಸು ಹತ್ತಿದ್ದ.

ಸಂದರ್ಶನದಲ್ಲಿ ಒಬ್ಬ ಮೇಷ್ಟ್ರು ಆ ಹಾಳೆಯನ್ನು ಬೆಳಕಿಗೆ ಹಿಡಿದರು. ಕೆರೆದ ಜಾಗ ತೆಳುವಾಗಿ ಹೊಳೆಯಿತು. ಇಲ್ಲೇನಿತ್ತು ಎಂದರು. ಶಾಯಿ ಚೆಲ್ಲಿತ್ತು ಎಂದೆ. ಅಳಿಸಿದ ಕೈ ಬಲು ಚೆನ್ನಾಗಿದೆ ಎಂದು ಅವರು ಹೊಗಳಿದರೆ, ನಾನು ನಾಚಿಕೆಯಿಲ್ಲದೆ ಥ್ಯಾಂಕ್ಸ್ ಹೇಳಿದೆ. ಸೀಟು ಸಿಕ್ಕಿತು. ಚಿತ್ರಕ್ಕೆ ಸಿಕ್ಕಿತೋ ಅಪ್ಪನ ಬ್ಲೇಡಿಗೋ ಎಂಬ ಚಿಂತೆ ಅಂದಿನಿಂದ ಶುರುವಾದದ್ದು. ಎರಡು ವರ್ಷ ಕುರ್ಚಿಯ ಬಗ್ಗೆ ಗಂಭೀರವಾಗಿ ಓದಿದೆ. ಆಮೇಲೆ ಕೊಚ್ಚಿಗೆ ಬಂದು ವಿನ್ಯಾಸ ಮಾಡಿದ್ದು ಬಾಳೆಕಾಯಿ ಚಿಪ್ಸಿನ ಪೊಟ್ಟಣ, ಬ್ಯಾಂಕಿನ ಅರ್ಜಿ, ಈಗ ಮೊಬೈಲಿನೊಳಗಿನ ಗುಂಡಿಗಳು. ಕುರ್ಚಿ ಮಾತ್ರ ಒಂದೂ ಮಾಡಲಿಲ್ಲ.

ಅಮ್ಮ ಹೋದ ಮೇಲೆ, ಅಪ್ಪ ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ, ಕಿತ್ತಳೆ ಸುಲಿಯುತ್ತ ಕೊನೆಗೂ ಕೇಳಿದೆ, ಅವತ್ತು ಯಾಕೆ ಕೆರೆದುಬಿಟ್ಟೆ ಎಂದು. ಯಾವ ಅವತ್ತು ಎಂದು ಅವನು ಕೇಳಲಿಲ್ಲ.

“ಸುಳ್ಳು ಸಹಿ ಇರಬಾರದಲ್ಲ. ತೆಗೆದು ನಿಜವಾದ್ದೇ ಹಾಕೋಣ ಅಂತ ಪೆನ್ನೂ ತುಂಬಿಸ್ಕೊಂಡಿದ್ದೆ.” ಒಂದು ತೊಳೆ ಬಾಯಿಗಿಟ್ಟು ನಿಧಾನವಾಗಿ ಅಗಿದ. “ಆದರೆ ಅದನ್ನ ಚೆಕ್ ಮಾಡೋಷ್ಟು ನನಗೆ ಗೊತ್ತಿರಲಿಲ್ಲ ಕಣೇ, ಪುಟ್ಟಿ.”

ಆ ಕ್ವಾರ್ಟರ್ಸನ್ನು ಕೆಡವಿದ್ದಾರೆ. ಒಂದು ಕಣ್ಣು ಮುಚ್ಚಿದ ಮುಖದ ಹುಣಿಸೆ ಡಬ್ಬಿ ಯಾವ ಗುಜರಿ ಸೇರಿತೋ. ಪಾರ್ಲರಿನಿಂದ ಕಪ್ಪು ತಲೆ ಹೊತ್ತು ಬಂದ ಮರುದಿನ, ನಮ್ಮ ಕಚೇರಿಯ ಮಂಗಳೂರಿನ ಹುಡುಗಿ ಸಫಿಯಾ ತನ್ನ ಚಿತ್ರಗಳ ಕಟ್ಟು ಹಿಡಿದು ಬಂದಳು. ಕೆಲಸ ಬಿಟ್ಟು ಡಿಸೈನ್ ಓದಲು ಅರ್ಜಿ ಹಾಕುತ್ತಾಳಂತೆ. “ನಾನು ಹೋಗುದಾ ಬೇಡ್ವಾ, ನೀವೇ ಹೇಳಿ ಮೇಡಂ” ಎಂದಳು. ಗೊತ್ತಿರುವವಳ ಹಾಗೆ ಒಂದಷ್ಟು ಮಾತಾಡಿದೆ, ನಡುವೆಯೇ ನಿಲ್ಲಿಸಿದೆ. ಸಂದರ್ಶನದ ದಿನ ಮರಳಿ ಸಿಕ್ಕಿದ್ದ ಆ ಹನ್ನೆರಡನೇ ಹಾಳೆಯನ್ನು ಕಪಾಟಿನಿಂದ ತೆಗೆದು ಅವಳ ಕೈಗಿಟ್ಟೆ. ಅವಳು ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದಳು. ಕಾಗದ ಕಂದಿದೆ, ಶಾಯಿ ಮಾಸಿದೆ, ಮೂಲೆಯ ಆ ಚೌಕದಲ್ಲಿ ಮಾತ್ರ ಬೆಳಕು ಇನ್ನೂ ಸಲೀಸಾಗಿ ಹಾಯುತ್ತದೆ.

“ಇಲ್ಲಿ ಏನಿತ್ತು ಮೇಡಂ?”

ಈ ಸಲ ಶಾಯಿ ಚೆಲ್ಲಿತ್ತು ಎನ್ನಲಿಲ್ಲ. ಕುರ್ಚಿ ಎಳೆದುಕೊಂಡು ಕೂತೆ. ನಮ್ಮಪ್ಪ ಎಂದೆ.