ಕೆನೆಬಣ್ಣದ ಸೀಟು, ಹನ್ನೊಂದು ಮಕ್ಕಳು, ಒಬ್ಬ ಸೀಟಮ್ಮ

ಬೆಳಗಿನ ಐದೂ ಹತ್ತು. ಬೀದಿದೀಪ ಇನ್ನೂ ಆರಿಲ್ಲ. ಶಿಶುವಿಹಾರದ ಗೇಟಿನೊಳಗೆ ನಿಂತಿರುವ ಏಳು ಸೀಟಿನ ಕಾರಿನ ಬಾಗಿಲುಗಳೆಲ್ಲ ತೆರೆದಿವೆ. ಹಿಂದಿನ ಬಾಗಿಲಿನಿಂದ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತವೆ. ಉಳಿದ ಸೀಟಮ್ಮ ಒಳಗಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮಕ್ಕಳ ಸ್ಲೇಟು. ಅದನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿ, ಹಿಂದಕ್ಕೆ ತೆವಳಿಕೊಂಡು ಹೊರಬರುತ್ತಾರೆ.

"ಸರ್, ನೀವು ಓದಿದೋರು. ಇದೇನು ಅಂತ ಸ್ವಲ್ಪ ಹೇಳಿ."

ಇವರ ಕೆಲಸ ನೋಡಿ ಬರೆಯಲೆಂದು ಬಂದಿರುವ ನಾನು ಕನ್ನಡಕ ಏರಿಸಿ ನೋಡುತ್ತೇನೆ. ಒಂದು ಉದ್ದನೆಯ ಗೀಟು, ಅದರ ತುದಿಗೆ ಮೊಟ್ಟೆಯಂಥ ಆಕಾರ, ಕೆಳಗೆ ಮೂರು ಚುಕ್ಕೆ. ಬಲೂನು ಇರಬೇಕು ಎನ್ನುತ್ತೇನೆ.

"ಬಲೂನು ಸೋರಲ್ಲ ಸರ್."

ಹಾಗಾದರೆ ಬೋಳುತಲೆಯವನೊಬ್ಬ ಅಳುತ್ತಿದ್ದಾನೆ ಎನ್ನುತ್ತೇನೆ. "ಅಳು ಕಲೆ ಆಗಲ್ಲ" ಎಂದು ನನ್ನ ಓದಿಗೆ ಒಂದೇ ಮಾತಿನಲ್ಲಿ ಮಂಗಳ ಹಾಡಿ, ಅವರು ಮತ್ತೆ ಒಳಗೆ ತೂರಿಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ ನಾನು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿದ್ದೇನೆ. ಇವತ್ತು ಮೂವತ್ತನೆಯ ದಿನ. ಶಿಶುವಿಹಾರ ನಡೆಸುವ ಮೇಡಂ ತಿಂಗಳ ಹಿಂದೆ ಈ ಕಾರನ್ನು ಬೇರೊಬ್ಬರ ಕೈಯಿಂದ ಕೊಂಡರು. ಕೊಳ್ಳುವಾಗ ಎಂಜಿನ್ ನೋಡಿದರು, ಟೈರು ನೋಡಿದರು. ಸೀಟು ಕೆನೆಬಣ್ಣದ ಬಟ್ಟೆಯದ್ದು ಎಂಬುದು ಅವರ ಗಮನಕ್ಕೆ ಬಂದದ್ದು ಮೊದಲ ದಿನ ಹನ್ನೊಂದು ಮಕ್ಕಳು ಎರಡು ಟ್ರಿಪ್ಪಿನಲ್ಲಿ ಹತ್ತಿ ಇಳಿದ ಮೇಲೆ. ಅಂದೇ ಅವರು ಕಪ್ಪು ರೆಕ್ಸಿನ್ ಹೊದಿಸಲು ಹೇಳಿ ಬಂದಿದ್ದರು. ಕಾರಿನ ಒಳಗನ್ನು ಶುಚಿ ಮಾಡಲು ಬಂದ ಸೀಟಮ್ಮ, ಬಟ್ಟೆಯ ಸೀಟನ್ನೇ ಚೊಕ್ಕಟವಾಗಿಟ್ಟು ತೋರಿಸುತ್ತೇನೆ ಎಂದು ಒಂದು ತಿಂಗಳ ಗಡುವು ಕೇಳಿದರು. ಮೇಡಂ ಕೊಟ್ಟರು. ಇವತ್ತು ಏಳು ಗಂಟೆಗೆ ಅವರು ಬಂದು ನೋಡುತ್ತಾರೆ, ರೆಕ್ಸಿನ್‌ನವನೂ ಬರುತ್ತಾನೆ. ರೆಕ್ಸಿನ್ ಬಂದರೆ ಒದ್ದೆ ಬಟ್ಟೆಯಲ್ಲಿ ಯಾರು ಬೇಕಾದರೂ ಒಂದು ಸುತ್ತು ಒರೆಸಿದರೆ ಸಾಕು, ಸೀಟಮ್ಮನ ಅಗತ್ಯವಿರುವುದಿಲ್ಲ. ಅವರಿಗಿರುವ ಕಾಯಂ ಕೆಲಸ ಇದೊಂದೇ.

ಹೊರಗಿನಿಂದ ಕಾರು ತೊಳೆಯುವವರನ್ನು ನೀವೂ ನೋಡಿದ್ದೀರಿ. ಪೈಪು ಹಿಡಿದು ನೀರು ಚಿಮ್ಮಿಸುತ್ತಾರೆ, ನೊರೆ ಹಾರುತ್ತದೆ, ಹತ್ತು ನಿಮಿಷದಲ್ಲಿ ಗಾಡಿ ಮದುಮಗನಂತೆ ಹೊಳೆಯುತ್ತದೆ. ಒಳಗೆ ಕೈಹಾಕುವವರನ್ನು ಯಾರೂ ನೋಡುವುದಿಲ್ಲ. ಮೇಲೆ ತಳಕು ಒಳಗೆ ಹುಳುಕು ಎಂಬ ಮಾತನ್ನು ಕಾರು ನೋಡಿಯೇ ಕಟ್ಟಿದರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮೊಮ್ಮಗ ಕರಗಿಸಿದ ಚಾಕೊಲೇಟು ಎರಡು ವರ್ಷದಿಂದ ಭದ್ರವಾಗಿದೆ, ಆದ್ದರಿಂದ ಈ ಮಾತು ಹೇಳುವ ಅಧಿಕಾರ ನನಗಿದೆ.

ಮಕ್ಕಳು ಸೀಟಮ್ಮ ಎಂದು ಕರೆಯುವ ಇವರಿಗೆ ಐವತ್ತಮೂರು ವರ್ಷ. ಹತ್ತೊಂಬತ್ತು ವರ್ಷ ಒಂದು ದೊಡ್ಡ ಲಾಂಡ್ರಿಯಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ನಿಂತವರು. ಹೊಸ ಯಂತ್ರ ಬಂದಾಗ ಮೇಜೂ ಹೋಯಿತು, ಕೆಲಸವೂ ಹೋಯಿತು. ಗಂಡ ತೀರಿಕೊಂಡು ಆಗ ಎಂಟು ತಿಂಗಳು. ಮಗಳು ನರ್ಸಿಂಗ್ ಓದುತ್ತಿದ್ದಳು. ಕೈಯಲ್ಲಿ ಕಸುಬಿತ್ತು, ಆದರೆ ಕಲೆ ತೆಗೆಸಲು ಮನೆಮನೆಗೆ ಯಾರು ಕರೆಯುತ್ತಾರೆ? ಕೊನೆಗೆ ಒಂದು ಸರ್ವಿಸ್ ಸ್ಟೇಷನ್‌ನಲ್ಲಿ ಕಾರಿನ ಒಳಗಿನ ಕೆಲಸ ಸಿಕ್ಕಿತು. ಗಂಡಸರೆಲ್ಲ ಹೊರಗೆ ನೀರು ಹಾರಿಸುತ್ತಿದ್ದರು, ಮಂಡಿಯೂರಿ ಒಳಗೆ ನುಗ್ಗುವ ಕೆಲಸ ಇವರಿಗೆ ಬಂತು. ಅದೂ ಬಿಟ್ಟುಹೋದ ಮೇಲೆ ಕರೆದಲ್ಲಿಗೆ ಹೋಗಿ ಕಾರು ಶುಚಿ ಮಾಡುತ್ತಾರೆ. ಮಂಡಿ ಈಗ ಮೆಟ್ಟಿಲು ಹತ್ತುವಾಗ ತಕರಾರು ಮಾಡುತ್ತದೆ, ಬೆರಳ ತುದಿಗಳು ಚಳಿಯಲ್ಲಿ ಬಿರಿಯುತ್ತವೆ. ಅದರ ಬಗ್ಗೆ ಕೇಳಿದರೆ, "ಕೈ ಇರೋದು ಕೆಲಸಕ್ಕೆ ತಾನೇ" ಎಂದು ಮಾತು ಮುಗಿಸಿಬಿಡುತ್ತಾರೆ.

ಕೆಲಸದ ಬಗ್ಗೆ ಕೇಳಿ ನೋಡಿ, ಆಗ ತಡೆಯುವವರಿಲ್ಲ.

"ಜನ ಮಾಡೋ ಮೊದಲ ತಪ್ಪು ಉಜ್ಜೋದು ಸರ್. ಉಜ್ಜಿದ್ರೆ ಕಲೆ ಹೋಗಲ್ಲ, ಊರೆಲ್ಲ ಸುತ್ತುತ್ತೆ. ಒತ್ತಬೇಕು. ಅಂಚಿನಿಂದ ಶುರು ಮಾಡಿ ನಡುವಿಗೆ ಬರಬೇಕು. ಹಾಲು ಚೆಲ್ಲಿದ್ರೆ ತಣ್ಣೀರು. ಬಿಸಿನೀರು ಹಾಕಿದ್ರೋ, ಆ ವಾಸನೆ ನಿಮ್ಮ ಮೊಮ್ಮಗನ ಮದುವೆವರೆಗೂ ಇರುತ್ತೆ. ಚೂಯಿಂಗ್ ಗಮ್‌ಗೆ ಐಸ್ ಇಡಿ, ಕಲ್ಲಾಗುತ್ತೆ, ಎಬ್ಬಿಸಿ ತೆಗೀರಿ. ಕೆಸರು ಮಾತ್ರ ಮುಟ್ಟಲೇಬಾರದು. ಒಣಗೋತನಕ ಸುಮ್ನೆ ಕೂತಿರಬೇಕು."

ಕೆಸರು ನೋಡಿ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂಬುದು ಮಕ್ಕಳಿರುವ ಮನೆಯವರಿಗೇ ಗೊತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರೇನೋ ಹೇಳಿದರು. ಮಕ್ಕಳ ವಿಷಯದಲ್ಲಿ ಕೈ ಕೆಸರಾದರೆ ಸೀಟು ಕೆಸರು, ಬಾಯಿ ಮೊಸರಾದರೆ ಸೀಟೂ ಮೊಸರು.

ಈ ಕಾರಿನಲ್ಲಿ ಸೀಟಮ್ಮ ಮಾಡಿರುವ ಏರ್ಪಾಡು ಕಂಡು ನಾನು ಬೆರಗಾಗಿದ್ದೇನೆ. ಹಳೆಯ ಹತ್ತಿ ಹೊದಿಕೆಗಳನ್ನು ಕತ್ತರಿಸಿ, ಚೆಲ್ಲಿದ್ದನ್ನು ಒತ್ತಿ ಹೀರಲು ನಲವತ್ತೆರಡು ತುಂಡು ಮಾಡಿದ್ದಾರೆ. ಪ್ರತಿ ಸೀಟಿನ ಬೆನ್ನಿಗೂ ಒಂದು ಚೀಲ, ಚೀಲದಲ್ಲಿ ಆರು ತುಂಡು. ಕಾಲು ಒಳಗಿಡುವ ಮುಂಚೆ ಪ್ರತಿ ಮಗುವೂ ಸೀಟಿನ ಅಂಚಿಗೆ ಕೂತು, ಕಾಲನ್ನು ಹೊರಗೆ ಚಾಚಿ, ಒಂದು ಶೂಗೆ ಇನ್ನೊಂದು ಶೂ ಮೂರು ಸಲ ಬಡಿಯಬೇಕು. ಆರು ಮಕ್ಕಳು ಒಟ್ಟಿಗೆ ಬಡಿಯುವ ಸದ್ದಿಗೆ ಎದುರು ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಾರಂತೆ. ಎಲ್ಲಕ್ಕಿಂತ ಮಿಗಿಲಾದದ್ದು ಮುಂದಿನ ಸೀಟಿನ ಹಿಂದೆ ದಾರ ಕಟ್ಟಿ ತೂಗುಹಾಕಿರುವ ಆ ಸ್ಲೇಟು. ಏನಾದರೂ ಚೆಲ್ಲಿದರೆ ಚೆಲ್ಲಿದವರು ಅದರ ಚಿತ್ರ ಬರೆದಿಡಬೇಕು. ಅಕ್ಷರ ಬಾರದ ಮಕ್ಕಳು, ಹಾಗಾಗಿ ಚಿತ್ರ. ಹೆಸರು ಬೇಡ.

"ಯಾರು ಚೆಲ್ಲಿದ್ದು ಅಂತ ನಾನು ಕೇಳಲ್ಲ. ಏನು ಚೆಲ್ಲಿದ್ದು ಅಂತ ಮಾತ್ರ ಕೇಳ್ತೀನಿ. ಯಾರು ಅಂತ ಗೊತ್ತಾದ್ರೆ ಕಲೆ ಹೋಗುತ್ತಾ? ಏನು ಅಂತ ಗೊತ್ತಾದ್ರೆ ಹೋಗುತ್ತೆ."

ತಿಂಗಳಲ್ಲಿ ಸ್ಲೇಟಿನ ಮೇಲೆ ಇಪ್ಪತ್ತೇಳು ಚಿತ್ರ ಬಂದಿವೆ. ಇಪ್ಪತ್ತಾರರ ಅರ್ಥವನ್ನು ಅವರು ಕಂಡುಹಿಡಿದಿದ್ದಾರೆ. ಇಪ್ಪತ್ತೇಳನೆಯದು ಇವತ್ತು ಸಿಕ್ಕಿದ್ದು.

ಮತ್ತೆ ಕಾರಿನೊಳಗೆ ಹೋಗೋಣ. ನಡುವಿನ ಸಾಲಿನ ಎಡ ಸೀಟಿನಲ್ಲಿ ಬಟ್ಟಲಿನಗಲದ ಗುಲಾಬಿ ಕಲೆ. ಸೀಟಮ್ಮ ಮೂಗು ತಾಗಿಸಿ ಮೂಸುತ್ತಾರೆ. "ಸಿಹಿ ಇದೆ. ಶರಬತ್ತಲ್ಲ, ಅಂಟು ಜಾಸ್ತಿ." ತಣ್ಣೀರು, ಚೂರು ವಿನೆಗರ್, ಬಟ್ಟೆ ಒತ್ತುತ್ತಾರೆ, ಎತ್ತುತ್ತಾರೆ. ಬಟ್ಟೆಗೆ ಗುಲಾಬಿ ಹತ್ತುತ್ತದೆ. ಎರಡನೆಯ ಬಟ್ಟೆ, ಮೂರನೆಯದು. ಏಳನೆಯ ಬಟ್ಟೆಗೆ ಏನೂ ಹತ್ತಲಿಲ್ಲ. ನಾನಾಗಿದ್ದರೆ ಅಲ್ಲಿಗೆ ಕೈಮುಗಿದು ಎದ್ದುಬಿಡುತ್ತಿದ್ದೆ. ಅವರೂ ಬೇರೆ ದಿನವಾಗಿದ್ದರೆ ಏಳುತ್ತಿದ್ದರು. ಇವತ್ತು ಏಳಲಿಲ್ಲ. "ಇನ್ನೊಂದು ಸಲ" ಎನ್ನುತ್ತಾರೆ. ಹಲ್ಲುಜ್ಜುವ ಹಳೇ ಬ್ರಷ್ ಬರುತ್ತದೆ, ಸೋಪಿನ ನೊರೆ ಬರುತ್ತದೆ. "ಇನ್ನೊಂದೇ ಸಲ."

ಆರೂ ಮುಕ್ಕಾಲಿಗೆ ಬಿಸಿಲು ಗೇಟು ದಾಟಿ ಒಳಬಂದು ಸೀಟಿನ ಮೇಲೆ ಬೀಳುತ್ತದೆ. ಸೀಟಮ್ಮ ಹಣೆಗೆ ಕೈಹಚ್ಚುತ್ತಾರೆ.

ಕಲೆ ಇದ್ದ ಜಾಗ ಹಾಲಿನಂತೆ ಬೆಳ್ಳಗಾಗಿದೆ. ಅದರ ಸುತ್ತ, ಹಲವು ವರ್ಷದ ಬಿಸಿಲಿಗೆ ಮಾಗಿದ ಸೀಟು ಈಗ ಕೊಳಕಾಗಿ ಕಾಣುತ್ತಿದೆ. ಈ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಇದು. ಕೊಳೆ ಬಿಟ್ಟರೆ ಒಂದು ಕಲೆ, ಮಿತಿಮೀರಿ ತೆಗೆದರೆ ಸೀಟೆಲ್ಲ ಕಲೆ.

"ಸರ್ವಿಸ್ ಸ್ಟೇಷನ್‌ನಲ್ಲಿ ಮೊದಲ ವರ್ಷ ಒಂದ್ಸಲ ಹೀಗೇ ಮಾಡಿದ್ದೆ" ಎನ್ನುತ್ತಾರೆ. "ಆಮೇಲೆ ಯಾವತ್ತೂ ಮಾಡಿರಲಿಲ್ಲ. ಟಾರ್ಚಿನ ಬೆಳಕಲ್ಲಿ ಗೊತ್ತಾಗಲ್ಲ, ಬಿಸಿಲು ಬರೋತನಕ ಕಾಯಬೇಕಿತ್ತು. ಗೊತ್ತಿದ್ದೂ ಕಾಯ್ಲಿಲ್ಲ."

ಪೂರ್ತಿ ಸಾಲು ತೊಳೆದರೆ ಬಣ್ಣ ಹೊಂದುತ್ತದೆ, ಆದರೆ ಒಣಗಲು ಅರ್ಧ ದಿನ ಬೇಕು. ಮೊದಲ ಟ್ರಿಪ್ಪು ಏಳೂವರೆಗೆ. ಆ ಜಾಗದ ಮೇಲೆ ಒಂದು ಟವೆಲ್ ಹಾಸಿಬಿಡಿ ಎಂದು ನಾನು ಮೆಲ್ಲಗೆ ಸೂಚಿಸುತ್ತೇನೆ. ಈ ಸಲಹೆ ಕೊಟ್ಟದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಅವರು ನನ್ನನ್ನು ನೋಡಿದ ರೀತಿ ಹಾಗಿತ್ತು.

"ಮುಚ್ಚಿಡಬೇಡಿ ಅಂತ ಮಕ್ಕಳಿಗೆ ತಿಂಗಳಿಂದ ಹೇಳ್ತಾ ಇದೀನಿ ಸರ್."

ಏಳಕ್ಕೆ ಸರಿಯಾಗಿ ರೆಕ್ಸಿನ್‌ನವನು ಬರುತ್ತಾನೆ. ಸ್ಕೂಟರಿನ ಹಿಂದೆ ಕಪ್ಪು ಸುರುಳಿ, ಕೊರಳಲ್ಲಿ ಅಳತೆ ಟೇಪು. ಅವನ ಹಿಂದೆಯೇ ಮೇಡಂ, ಐದು ವರ್ಷದ ಮಗಳ ಕೈಹಿಡಿದುಕೊಂಡು. ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ಗುಬ್ಬಿ ಕೆಮ್ಮುತ್ತಿದ್ದಾಳೆ.

ಮೇಡಂ ಕಾರಿನೊಳಗೆ ಬಗ್ಗುತ್ತಾರೆ. ಹಿಂದಿನ ಸಾಲು ನೋಡುತ್ತಾರೆ, ಸೀಟಿನ ಸಂದಿಗೆ ಬೆರಳು ಹಾಕುತ್ತಾರೆ, ಬೆರಳು ನೋಡಿಕೊಳ್ಳುತ್ತಾರೆ. ಹುಬ್ಬು ಏರುತ್ತದೆ, ಮೆಚ್ಚುಗೆಯಿಂದ. ಆಮೇಲೆ ನಡುವಿನ ಸಾಲು.

"ಸೀಟಮ್ಮ, ಇದೇನು?"

"ನನ್ನ ತಪ್ಪು ಮೇಡಂ. ಕಲೆ ಹೋದ್ಮೇಲೂ ಉಜ್ಜಿಬಿಟ್ಟೆ."

"ಅಂದ್ರೆ ಉಳಿದಿದ್ದೆಲ್ಲ ಕೊಳೆನಾ?"

"ಅಲ್ಲ. ಉಳಿದಿದ್ದು ಸೀಟಿನ ವಯಸ್ಸು. ಇದೊಂದು ಜಾಗಕ್ಕೆ ನಾನು ಸುಮ್ನೆ ವಯಸ್ಸು ಇಳಿಸಿಬಿಟ್ಟೆ."

ಮೇಡಂ ನಗಲಿಲ್ಲ. ರೆಕ್ಸಿನ್‌ನವನು ಕೊರಳಿನ ಟೇಪು ಕೈಗೆ ತೆಗೆದುಕೊಳ್ಳುತ್ತಾನೆ.

"ಇಲ್ಲಿ ಚೆಲ್ಲಿದ್ದು ಯಾರು?"

"ಗೊತ್ತಿಲ್ಲ. ಏನು ಅಂತಾನೂ ಇವತ್ತು ಗೊತ್ತಾಗ್ಲಿಲ್ಲ" ಎಂದು ಸೀಟಮ್ಮ ಸ್ಲೇಟು ತೋರಿಸುತ್ತಾರೆ. ಮೇಡಂ ಅದನ್ನು ದಿಟ್ಟಿಸುತ್ತಾರೆ. ಅವರಿಗೂ ಅದು ಬಲೂನು ಅನ್ನಿಸಿರಬೇಕು.

"ಅದು ಚಮಚ" ಎನ್ನುತ್ತಾಳೆ ಗುಬ್ಬಿ. "ಔಷಧಿ ಚಮಚ."

ನಿನ್ನೆ ಸಂಜೆ ಕೊನೆಯ ಟ್ರಿಪ್ಪು ಮುಗಿಸಿ, ಕಾರಿನಲ್ಲೇ ಮೇಡಂ ಮಗಳಿಗೆ ಕೆಮ್ಮಿನ ಔಷಧಿ ಚಮಚಕ್ಕೆ ಹಾಕಿ ಕೊಟ್ಟಿದ್ದಾರೆ. ಅಷ್ಟರಲ್ಲಿ ಫೋನ್ ಬಂದಿದೆ. ಮಾತಾಡಿ ತಿರುಗಿದಾಗ ಚಮಚ ಖಾಲಿ, ಮಗಳು ಜಾಣೆ.

"ಕುಡಿದೆ ಅಂದ್ಯಲ್ಲ ಪುಟ್ಟಿ?"

"ಕುಡೀಲಿಲ್ಲ. ಮೊನ್ನೆನೂ ಕುಡೀಲಿಲ್ಲ. ಮೊನ್ನೆ ಕಿಟಕಿಯಿಂದ ಚೆಲ್ಲಿದೆ. ನಿನ್ನೆ ಕಿಟಕಿ ಮುಚ್ಚಿತ್ತು."

ರೆಕ್ಸಿನ್‌ನವನು ಮುಖ ಆಚೆ ತಿರುಗಿಸಿ ನಗು ನುಂಗುತ್ತಾನೆ. ಮೇಡಂ ಮಾತ್ರ ನೆಲಕ್ಕೆ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟಿದ್ದಾರೆ. ಕೆಮ್ಮು ಯಾಕೆ ಕಡಿಮೆಯಾಗುತ್ತಿಲ್ಲ ಎಂದು ಆ ತಾಯಿ ಎರಡು ರಾತ್ರಿ ನಿದ್ದೆಗೆಟ್ಟವರು.

"ಇಲ್ಲಿ ಚಿತ್ರ ಬರೆದು ಹೇಳ್ತೀಯ. ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

ಗುಬ್ಬಿ ಸ್ವಲ್ಪ ಯೋಚಿಸುತ್ತಾಳೆ. "ನೀನು ಮೊದಲು, ಯಾರು ಚೆಲ್ಲಿದ್ದು ಅಂತ ಕೇಳ್ತೀಯ."

ಊರಿನ ಮಕ್ಕಳನ್ನೆಲ್ಲ ಹದಿನಾಲ್ಕು ವರ್ಷದಿಂದ ನೋಡಿಕೊಂಡ ಮೇಡಂ ಕಣ್ಣೊರೆಸಿಕೊಳ್ಳುತ್ತಾರೆ, ಮಗಳ ಕೂದಲು ಸರಿಮಾಡುತ್ತಾರೆ. ನನ್ನ ಮೊಮ್ಮಗನ ಚಾಕೊಲೇಟಿನ ದಿನ ನಾನು ಕೇಳಿದ್ದೂ ಅದೇ ಪ್ರಶ್ನೆಯನ್ನೇ.

ಅಷ್ಟು ಹೊತ್ತಿಗೆ ಗೇಟಿನಲ್ಲಿ ಗಲಾಟೆ. ಮನೆಯವರೇ ಬೇಗ ತಂದುಬಿಟ್ಟ ನಾಲ್ಕು ಮಕ್ಕಳು ಓಡಿಬರುತ್ತಾರೆ. ನಿಂತ ಕಾರನ್ನೂ ಬಿಡದೆ ಹತ್ತಿ, ಅಂಚಿಗೆ ಕೂತು, ಕಾಲು ಚಾಚಿ ಟಪ್ ಟಪ್ ಟಪ್ ಎಂದು ಶೂ ಬಡಿಯುತ್ತಾರೆ. ಯಾರೂ ಹೇಳಿಲ್ಲ, ಯಾರೂ ಗದರಿಲ್ಲ. ಒಬ್ಬಳು ಬೆಳ್ಳಗಿನ ಜಾಗ ನೋಡಿ, "ಸೀಟಮ್ಮ, ಇದನ್ನ ನೀವು ಚೆಲ್ಲಿದ್ದಾ?" ಎಂದು ಕೇಳುತ್ತಾಳೆ.

"ಹೂಂ ಕಣಮ್ಮ, ಇದು ನಂದೇ."

"ಪರವಾಗಿಲ್ಲ ಬಿಡಿ" ಎನ್ನುತ್ತಾಳೆ ಅವಳು.

ಮೇಡಂ ಎದ್ದು ನಿಲ್ಲುತ್ತಾರೆ. ರೆಕ್ಸಿನ್‌ನವನ ಕಡೆ ತಿರುಗಿ, "ನಿಮ್ಮನ್ನ ಸುಮ್ನೆ ಬರೋ ಹಾಗೆ ಮಾಡಿದ್ದಕ್ಕೆ ತಪ್ಪು ತಿಳ್ಕೋಬೇಡಿ, ರೆಕ್ಸಿನ್ ಬೇಡ" ಎನ್ನುತ್ತಾರೆ. ಸೀಟಮ್ಮನ ಕಡೆ ತಿರುಗಿ, "ಭಾನುವಾರ ಗಾಡಿ ಪೂರ್ತಿ ನಿಮ್ಮದು. ಆ ಸಾಲು ತೊಳೆದು ಒಣಗಿಸಿ. ನಾಳೆ ಮಾಮೂಲಿನಂತೆ ಬನ್ನಿ" ಎನ್ನುತ್ತಾರೆ. ನಾಳೆ ಬನ್ನಿ ಎಂಬ ಮಾತಿಗೆ ಸೀಟಮ್ಮ ತಲೆಯಾಡಿಸಲು ಹೋಗಿ, ಆಡಿಸಲಾಗದೆ, ಬಕೆಟ್ಟಿನ ನೀರು ಚೆಲ್ಲುವ ನೆಪದಲ್ಲಿ ಆಚೆ ಹೋಗುತ್ತಾರೆ. ಕುಣಿದಾಡುವಷ್ಟು ಸಂತೋಷ ನನಗಾಗಿದೆ, ವಯಸ್ಸು ನೋಡಿ ಸುಮ್ಮನಿದ್ದೇನೆ.

ರೆಕ್ಸಿನ್‌ನವನು ಸುರುಳಿಯನ್ನು ಸ್ಕೂಟರಿಗೆ ಬಿಗಿಯುತ್ತಾನೆ. ಹೊರಡುವುದಿಲ್ಲ. ಬಕೆಟ್ಟು ಹಿಡಿದು ವಾಪಸು ಬಂದ ಸೀಟಮ್ಮನ ಹತ್ತಿರ ಬಂದು, ದನಿ ತಗ್ಗಿಸುತ್ತಾನೆ.

"ಅಕ್ಕಾ, ನಮ್ಮನೇಲೂ ಒಂದು ಕಾರಿದೆ. ಬಿಳಿ ಸೀಟು, ಇಬ್ಬರು ಮಕ್ಕಳು. ಯಾವಾಗ ತರಲಿ?"

"ನಿಮ್ಮ ಹತ್ರ ಅಷ್ಟೊಂದು ರೆಕ್ಸಿನ್ ಇದೆಯಲ್ಲಪ್ಪ."

"ಬಿಸಿಲಲ್ಲಿ ಮಕ್ಕಳ ತೊಡೆ ಸುಡುತ್ತೆ ಅಂತ ನಮ್ಮನೆಯವಳು ಹಾಕಿಸೋಕೆ ಬಿಡಲ್ಲ ಅಕ್ಕಾ."

ಸೀಟಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ. ನಾನು ಕಂಡ ಮೊದಲ ಪೂರ್ತಿ ನಗು ಅವರ ಮುಖದ ಮೇಲೆ ಬರುತ್ತದೆ.

"ಶನಿವಾರ ತನ್ನಿ. ಮಕ್ಕಳನ್ನೂ ಕರ್ಕೊಂಡು ಬನ್ನಿ, ಅವರಿಲ್ದೆ ಈ ಕೆಲಸ ನನಗೆ ಬರಲ್ಲ."